ಕಾಂಪೌಂಡರ್ ಮಾವನ ಸಕ್ಕರೆ ನೀರು

ಮೂರನೆಯ ಹಕ್ಕಿಯನ್ನು ನಿಂಬೆಗಿಡದ ಬುಡದಲ್ಲಿ ಮಣ್ಣುಮಾಡಿ ಒಳಗೆ ಬಂದ ರಾಮಮೂರ್ತಿಗಳು ಕಾಫಿ ಕೇಳಲಿಲ್ಲ. ಸೊಸೆ ಕಾತ್ಯಾಯಿನಿಗೆ ಆಗಲೇ ಹೆದರಿಕೆ ಹತ್ತಿತು. ಮಾವ ಕಾಫಿ ಕೇಳದ ಬೆಳಗು ಈ ಹಿಲ್ಸ್‌ಬರೋ ಮನೆಯಲ್ಲಿ ಇದುವರೆಗೆ ಆಗಿರಲಿಲ್ಲ.

ಮೊದಲನೆಯದು ಸತ್ತಾಗ ಪಕ್ಕದ ಮನೆಯ ಬೆಕ್ಕನ್ನು ಬೈದದ್ದಾಯಿತು. ಎರಡನೆಯದಕ್ಕೆ, ಜುಲೈಯಲ್ಲಿ ಚಳಿಗಾಲ ಬರುವ ಈ ದಕ್ಷಿಣದ ದೇಶದ ಚಳಿಯನ್ನು ಬೈದದ್ದಾಯಿತು. ಮೂರನೆಯದಕ್ಕೆ ಬೈಯಲು ಯಾರೂ ಸಿಗಲಿಲ್ಲ. ಬೆರಳುದ್ದದ ಹಸಿರು ಹಕ್ಕಿ, ಕಣ್ಣಿನ ಸುತ್ತ ಸುಣ್ಣ ಬಳಿದಂಥ ಉಂಗುರ. ಮಾವ ಅದನ್ನು ಬೆಳ್ಗಣ್ಣ ಅನ್ನುತ್ತಿದ್ದರು. ಮೈಮೇಲೆ ಒಂದು ಗಾಯವಿಲ್ಲ, ಆದರೆ ಹಿಡಿದು ನೋಡಿದರೆ ಎದೆಮೂಳೆ ಕೈಗೆ ಚುಚ್ಚುತ್ತಿತ್ತು. ದಿನವೆಲ್ಲಾ ಹಿತ್ತಲಲ್ಲಿ ಕಟ್ಟಿದ ಸಕ್ಕರೆ ನೀರಿನ ಬಾಟಲಿಗೆ ಮುತ್ತಿಕೊಂಡು ಕುಡಿಯುವ ಹಕ್ಕಿ ಹೀಗೆ ಸೊರಗುವುದೆಂದರೇನು?

ರಾಮಮೂರ್ತಿಗಳು ನಂಜನಗೂಡಿನಲ್ಲಿ ನಲವತ್ತು ವರ್ಷ ಕಾಂಪೌಂಡರ್ ಆಗಿದ್ದವರು. ಡಾಕ್ಟರು ಬರೆದದ್ದು ಏನೇ ಇರಲಿ, ಸೂಜಿ ಮಾತ್ರ ಮೂರ್ತಿಗಳ ಕೈಯಲ್ಲೇ ಚುಚ್ಚಿಸಬೇಕೆಂದು ತಾಯಂದಿರು ಕಾದು ಕೂರುತ್ತಿದ್ದರು. ಅಷ್ಟು ಕೈಗುಣ. ಆಸ್ಪತ್ರೆಯ ಕಾಂಪೌಂಡಿನ ಅಳಿಲುಗಳು ಕೂಡ ಅವರ ಅಂಗೈ ಮೇಲೆ ಕೂತು ಕಡಲೆಬೀಜ ತಿನ್ನುತ್ತಿದ್ದವು ಎಂದು ಅವರೇ ನೂರು ಸಲ ಹೇಳಿದ್ದಾರೆ. ಹೆಂಡತಿ ಹೋದಮೇಲೆ, ಫೆಬ್ರವರಿಯಲ್ಲಿ, ಮಗ ಉದಯಶಂಕರನ ಮನೆಗೆ ಬಂದರು. ಬಂದ ಎರಡನೆಯ ದಿನವೇ ಅಳಿಲು ಎಲ್ಲಿ ಎಂದು ಕೇಳಿದರು. ಪೆನ್‌ರೋಸ್‌ನ ಕಾರ್ಖಾನೆಗೆ ಹೊರಟಿದ್ದ ಮಗ ಶೂ ಕಟ್ಟುತ್ತಾ, ಈ ದೇಶದಲ್ಲೇ ಅಳಿಲಿಲ್ಲ ಅಪ್ಪಾ ಎಂದುಬಿಟ್ಟ. ಮುದುಕರು ಟಿಕೆಟ್ ತೆಗೆಯುವ ಮೊದಲೇ ಇದನ್ನು ಹೇಳಬಾರದಿತ್ತೇ ಎಂಬಂತೆ ಅವನ ಮುಖ ನೋಡಿದರು.

ಜೂನ್‌ನಲ್ಲಿ ಬೆಳ್ಗಣ್ಣಗಳು ಹಿಂಡುಹಿಂಡಾಗಿ ಬಂದವು, ಮಾವನಿಗೂ ಜೀವ ಬಂತು. ಏವನ್‌ಡೇಲ್‌ನ ಭಾನುವಾರದ ಸಂತೆಯಿಂದ ಹಕ್ಕಿಗೆ ನೀರಿಡುವ ಬಾಟಲಿ ತಂದರು. ಸಕ್ಕರೆಯನ್ನು ಚಮಚ ತಟ್ಟಿ ಅಳೆದು, ನೀರು ಕುದಿಸಿ, ಆರಿಸಿ, ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ರುಚಿ ನೋಡಿ ತುಂಬುತ್ತಿದ್ದರು. ಬಾಟಲಿಗೆ ದಿನಾ ಬಿಸಿನೀರಿನ ಸ್ನಾನ. ಮನುಷ್ಯರಾದರೆ ಹೊಟ್ಟೆನೋವು ಅಂತ ಬಾಯಿಬಿಟ್ಟು ಹೇಳುತ್ತಾರೆ, ಇವು ಹೇಳುತ್ತವೆಯೇ ಎನ್ನುತ್ತಿದ್ದರು.

ಆ ದಿನ ಮಧ್ಯಾಹ್ನ ಮಾವ ಮಲಗಿದ್ದಾಗ ಕಾತ್ಯಾಯಿನಿ ಹಕ್ಕಿಗಳ ಆರೈಕೆ ಮಾಡುವವರ ನಂಬರು ಹುಡುಕಿ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಬಾಟಲಿ ತೊಳೆಯುವುದನ್ನು ಕೇಳಿ ಮೆಚ್ಚಿಕೊಂಡಳು. ನೀರಿಗೆ ಹಾಕುವುದು ಬರೀ ಬಿಳಿ ಸಕ್ಕರೆ ತಾನೇ, ಜೇನು ಬೆಲ್ಲ ಅಲ್ಲವಲ್ಲ ಎಂದಳು. ಹೌದು, ಬಿಳಿ ಸಕ್ಕರೆಯೇ ಎಂದಳು ಕಾತ್ಯಾಯಿನಿ. ಶುಗರ್ ಇರುವವರು ಬಳಸುವ ಬದಲಿ ಸಕ್ಕರೆ ಅಲ್ಲ ತಾನೇ, ಅದರಲ್ಲಿ ಸಿಹಿ ಇರುತ್ತದೆ, ಶಕ್ತಿ ಇರುವುದಿಲ್ಲ, ಹೊಟ್ಟೆ ತುಂಬ ಕುಡಿದೂ ಹಕ್ಕಿ ಹಸಿವಿನಿಂದ ಸಾಯುತ್ತದೆ ಎಂದಳು.

ಕಾತ್ಯಾಯಿನಿ ಥ್ಯಾಂಕ್ಸ್ ಹೇಳಿದಳೋ ಇಲ್ಲವೋ, ಫೋನ್ ಇಟ್ಟಳು. ಶೆಲ್ಫಿನಲ್ಲಿ ಸ್ಟೀಲ್ ಡಬ್ಬಿ ಕೂತಿತ್ತು. ಅದರ ಮೇಲೆ ಮಾವನ ಗುಂಡುಗುಂಡು ಅಕ್ಷರದಲ್ಲಿ ‘ಸಕ್ಕರೆ’ ಎಂಬ ಚೀಟಿ. ಬಂದ ವಾರದಲ್ಲೇ ಅಡುಗೆಮನೆಯ ಅಷ್ಟೂ ಡಬ್ಬಿಗಳಿಗೆ ಅವರು ಚೀಟಿ ಅಂಟಿಸಿದ್ದರು. ಈ ಒಂದರೊಳಗೆ ಇರುವುದು ಸಕ್ಕರೆಯಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತು.

ಇನ್ನೇನು ಮಾಡಬೇಕಿತ್ತು ಪಾಪ? ಮಾರ್ಚಿನಲ್ಲಿ ಹೊಸ ಶೂ ಕಚ್ಚಿ ಮಾವನ ಬಲಗಾಲಿನ ಹೆಬ್ಬೆರಳು ಹುಣ್ಣಾಗಿತ್ತು. ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅರ್ಧ ನಂಜನಗೂಡಿಗೆ ಪಥ್ಯ ಹೇಳಿದ ಮನುಷ್ಯ ತಮ್ಮ ಕಾಫಿಗೆ ಮಾತ್ರ ತಾವೇ ಎರಡೆರಡು ಚಮಚ ಸುರಿದುಕೊಳ್ಳುತ್ತಿದ್ದರು. ಹೇಳಿದರೆ ಮುಖ ಗಂಟು. ಏಪ್ರಿಲ್‌ನಲ್ಲಿ ಕಾತ್ಯಾಯಿನಿ ಡಬ್ಬಿಯ ಸಕ್ಕರೆ ತೆಗೆದು ಬದಲಿ ಸಕ್ಕರೆ ತುಂಬಿಟ್ಟಳು. ಗಂಡನಿಗೂ ಹೇಳಲಿಲ್ಲ. ಜೂನ್ ಹೊತ್ತಿಗೆ ರಕ್ತದ ರಿಪೋರ್ಟು ನೆಟ್ಟಗಾಗಿ ಹುಣ್ಣು ಮಾಯತೊಡಗಿತು. ದಿನಾ ತಾವೇ ಪಟ್ಟಿ ಕಟ್ಟಿಕೊಳ್ಳುತ್ತಿದ್ದ ಮಾವ, ಕೈಗುಣ ನನಗೂ ಹತ್ತಿತು ನೋಡು ಎಂದು ಬೀಗಿದರು. ಅವಳು ಹೂಂಗುಟ್ಟಿದ್ದಳು.

ಈಗ ಹೇಳಿದರೆ ಡಬ್ಬಿಗೆ ನಿಜವಾದ ಸಕ್ಕರೆ ಬರುತ್ತದೆ, ಹಟಕ್ಕಾದರೂ ಮೂರು ಚಮಚ ಹಾಕಿಕೊಳ್ಳುತ್ತಾರೆ, ಕಾಲು ಹೋಗುತ್ತದೆ. ಹೇಳದಿದ್ದರೆ ಹಕ್ಕಿಗಳು ಹೋಗುತ್ತವೆ. ಅವಳಿಗೆ ತಲೆ ಕೆಟ್ಟಿತು. ಒಂದು ಪೊಟ್ಟಣ ಸಕ್ಕರೆಯನ್ನು ಬಟ್ಟೆಯ ಕಪಾಟಿನಲ್ಲಿ ಬಚ್ಚಿಟ್ಟು, ಮಾವ ಸ್ನಾನಕ್ಕೆ ಹೋದಾಗ ಕಳ್ಳಿಯ ಹಾಗೆ ಹಿತ್ತಲಿಗೆ ಓಡಿ ಬಾಟಲಿಗೆ ಸುರಿದು ಬಂದಳು. ಎರಡು ದಿನ ನಡೆಯಿತು. ಆದರೆ ಮಧ್ಯಾಹ್ನ ಮಾವ ಪಾತ್ರೆಯಲ್ಲಿ ಮಿಕ್ಕ ತಮ್ಮ ನೀರನ್ನೇ ಮತ್ತೆ ತುಂಬುತ್ತಿದ್ದರು. ಮೂರನೆಯ ದಿನ ಬಚ್ಚಲಿನಿಂದ ಬೇಗ ಬಂದುಬಿಟ್ಟರು. ಇಷ್ಟು ಚಳಿಯಲ್ಲಿ ಅಲ್ಲೇನು ಮಾಡುತ್ತಿದ್ದೀಯೆ ಎಂದಾಗ ಅವಳು ಬಟ್ಟೆ ಒಣಗಿದೆಯಾ ನೋಡುತ್ತಿದ್ದೆ ಎಂದಳು. ಅಂದು ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ನಾಲ್ಕನೆಯ ಹಕ್ಕಿ ಬಾಟಲಿಯ ಕೆಳಗೇ ಬಿದ್ದಿತ್ತು. ಮಾವ ಅದನ್ನು ಹೂತರು, ಬಾಟಲಿ ಬಿಚ್ಚಿದರು, ತೊಳೆದು ಒರೆಸಿ ಗ್ಯಾರೇಜಿನ ಮೂಲೆಯಲ್ಲಿಟ್ಟರು. ಕಾತ್ಯಾಯಿನಿಗೆ ಮೊದಲು ಆದದ್ದು, ಹೇಳಲಿಕ್ಕೇ ನಾಚಿಕೆ, ಸಮಾಧಾನ. ಬಾಟಲಿ ಹೋಯಿತು. ಹಕ್ಕಿಗಳು ಬೇರೆ ಹಿತ್ತಲು ಹುಡುಕಿಕೊಳ್ಳುತ್ತವೆ. ಡಬ್ಬಿ ಹಾಗೇ ಇರುತ್ತದೆ, ಕಾಲು ಉಳಿಯುತ್ತದೆ. ಅವಳು ಬಾಯಿ ಮುಚ್ಚಿಕೊಂಡು ಇದ್ದರೆ ಮುಗಿಯಿತು.

ರಾತ್ರಿ ಊಟಕ್ಕೆ ಕೂತಾಗ ಎಂಟು ವರ್ಷದ ಮೊಮ್ಮಗಳು ಸಿಂಚನಾ ಎಂದಿನಂತೆ ತಾತನ ಕೈತುತ್ತಿಗೆ ಬಾಯಿ ತೆರೆದಳು. ಸಾರನ್ನ ಕಲೆಸಿದ್ದ ಕೈ ತಟ್ಟೆಯಲ್ಲೇ ನಿಂತಿತು.

“ಅಮ್ಮನ ಹತ್ರ ಹೋಗು ಪುಟ್ಟಿ,” ಎಂದರು ಮಾವ. “ಈ ಕೈ ಈಗ ಸರಿ ಇಲ್ಲ.”

ಮಗು “ವೈ, ತಾತಾ?” ಎಂದಿತು. ಉದಯಶಂಕರ ತಮಾಷೆಯೆಂದು ನಕ್ಕ. ಮಾವ ನಗಲಿಲ್ಲ. ನಿನ್ನ ಅಮ್ಮನಿಗೂ ಕೊನೇ ಔಷಧಿ ಕುಡಿಸಿದ್ದು ಇದೇ ಕೈ, ಆಗಲೇ ಗೊತ್ತಾಗಬೇಕಿತ್ತು ಎಂದು ಮಗನಿಗೆ ಮೆಲ್ಲಗೆ ಹೇಳಿ ಎದ್ದು ಹೋದರು. ಕಾತ್ಯಾಯಿನಿಗೆ ತಾನು ಬಾಯಿ ಮುಚ್ಚಿಕೊಂಡಿರಲು ಈ ಮುದುಕರ ನಲವತ್ತು ವರ್ಷದ ಕೈಗುಣ ಬಲಿಯಾಗಬೇಕಾಯಿತೇ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

ಬೆಳಿಗ್ಗೆ ಗಂಡ, ಮಗು ಹೊರಟ ಮೇಲೆ ಡಬ್ಬಿಯನ್ನೂ ಬಚ್ಚಿಟ್ಟ ಪೊಟ್ಟಣವನ್ನೂ ತಂದು ಮಾವನ ಮುಂದಿಟ್ಟಳು.

“ಸರಿ ಇಲ್ದಿರೋ ಕೈ ನಿಮ್ಮದಲ್ಲ ಮಾವ, ನಂದು. ಇದ್ರಲ್ಲಿರೋದು ಸಕ್ರೆ ಅಲ್ಲ. ಏಪ್ರಿಲ್‌ನಲ್ಲಿ ನಾನೇ ಬದಲಾಯಿಸ್ದೆ, ನಿಮ್ಮ ಕಾಲಿಗೋಸ್ಕರ.”

ಉಳಿದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮಾವ ಒಂದು ಕಾಳು ನಾಲಿಗೆಗೆ ಇಟ್ಟುಕೊಂಡರು. ಪಟ್ಟಿ ಕಟ್ಟಿದ ಕಾಲ್ಬೆರಳನ್ನು ನೋಡಿದರು. ಆಮೇಲೆ ಡಬ್ಬಿಯ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು.

“ಮೇಲೊಂದು ಹೆಸರು, ಒಳಗೊಂದು ಪುಡಿ. ನಲವತ್ತು ವರ್ಷದಲ್ಲಿ ನಾನು ಒಂದೇ ಒಂದು ಸಲ ಮಾಡಿಲ್ಲ ಕಣಮ್ಮ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾವ ಎದ್ದು ಇನ್ನೊಂದು ಡಬ್ಬಿ ಹುಡುಕಿ ಪೊಟ್ಟಣ ಸುರಿದರು. ಚೀಟಿ, ಪೆನ್ನು ತಂದರು. ಹೊಸದರ ಮೇಲೆ ‘ಹಕ್ಕಿ’ ಎಂದು ಬರೆದರು. ಹಳೆಯದರ ಮೇಲೆ ಸ್ವಲ್ಪ ಯೋಚಿಸಿ ‘ರಾಮಮೂರ್ತಿ’ ಎಂದು ಬರೆದರು. ಗ್ಯಾರೇಜಿನಿಂದ ಬಾಟಲಿ ತಂದು, ಹಕ್ಕಿ ಡಬ್ಬಿಯಿಂದ ಚಮಚ ತಟ್ಟಿ ಅಳೆದು, ಕುದಿಸಿ ಆರಿಸಿದರು.

ಅಭ್ಯಾಸದಂತೆ ಅಂಗೈಗೆ ತೊಟ್ಟು ಬಿಟ್ಟುಕೊಳ್ಳಲು ಹೋದರು. ಮಾವ ನಿಂತರು. ಚಮಚವನ್ನು ಕಾತ್ಯಾಯಿನಿಯ ಕಡೆಗೆ ಚಾಚಿದರು.

“ನೀನು ನೋಡಿ ಹೇಳು. ನಾನು ನೋಡೋ ಹಾಗಿಲ್ವಲ್ಲ.”

ಅವಳು ಅಂಗೈ ಒಡ್ಡಿ ನೆಕ್ಕಿದಳು. ಕಣ್ಣೀರು ಮೂಗಿನವರೆಗೆ ಬಂದಿತ್ತು.

“ಸಿಹಿ ಇದೆ ಮಾವ.”

“ನಿಜವಾದ್ದಾ?”

“ನಿಜವಾದ್ದು.”

ಮಾವ ಅವಳ ಮುಖವನ್ನು ಒಂದು ಸಲ ನೋಡಿ, ಕುಂಟುತ್ತಾ ಬಾಟಲಿ ಕಟ್ಟಲು ಹಿತ್ತಲಿಗೆ ಹೋದರು.