ಮಗ ಎಳೆದ ವೈರು

ಮೀಟರ್ ಬದಲಾದ ಮೇಲೆ ಕರೆಂಟ್ ಬಿಲ್ಲು ಏರಿದ ಮನೆ ನಿಮ್ಮ ಬೀದಿಯಲ್ಲೂ ಒಂದಾದರೂ ಇದ್ದೇ ಇರುತ್ತದೆ. ಬಿಲ್ಲು ಕೈಗೆ ಬಂದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಹೊಸ ಮೀಟರಿಗೆ ಬೈಯುವುದು. ಆಮೇಲಿನದು, ಮನೆಯೊಳಗೆ ಯಾರ ತಲೆಗಾದರೂ ತಪ್ಪು ಕಟ್ಟುವುದು. ನರಸಿಂಹರಾಜಪುರದ ಗುಲ್ಜಾರ್ ಬೇಗಂ ಮನೆಯಲ್ಲಿ ತಪ್ಪು ಹೊತ್ತುಕೊಂಡದ್ದು ಒಂದು ಟೇಪ್ ರೆಕಾರ್ಡರ್.

ಅದನ್ನು ಕಳಿಸಿದವನು ಗುಲ್ಜಾರಳ ಗಂಡ ಅಬ್ದುಲ್ ಸಲಾಂ. ಊರಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು ಮಸ್ಕತ್ತಿಗೆ ಕೆಲಸಕ್ಕೆ ಹೋಗಿದ್ದ. ಕಾಗದ ಬರೆಯುವುದೆಂದರೆ ಅವನಿಗೆ ಆಗದು. ಅದಕ್ಕೇ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರ ಕಡೆ ಬರುವವರ ಕೈಲಿ ಕೊಟ್ಟು ಕಳಿಸುತ್ತಿದ್ದ. ಅಮ್ಮನ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದ, ಹಿತ್ತಲ ಪೇರಳೆ ಗಿಡ ಕಾಯಿ ಬಿಟ್ಟಿತೇ ಎನ್ನುತ್ತಿದ್ದ, ನಡುವೆ ಮಾತು ಸಿಗದೆ ಸುಮ್ಮನಾಗುತ್ತಿದ್ದ. ಸುಮ್ಮನಿದ್ದಾಗ ಅವನ ಉಸಿರು ಕೇಳುತ್ತಿತ್ತು. ಗುಲ್ಜಾರಳಿಗೆ ಮಾತಿಗಿಂತ ಆ ಉಸಿರೇ ಹೆಚ್ಚು. ದಿನವೂ ಸಂಜೆ ಅಕ್ಕಿ ಆರಿಸುತ್ತಾ ಅದೇ ಕ್ಯಾಸೆಟ್ಟನ್ನು ತಿರುಗಿ ತಿರುಗಿ ಹಾಕುತ್ತಿದ್ದಳು. ಬ್ಯಾಟರಿ ಸೆಲ್ಲಿನಲ್ಲೂ ಟೇಪ್ ರೆಕಾರ್ಡರ್ ಓಡುತ್ತಿತ್ತು. ಆದರೆ ಸೆಲ್ಲು ಹಳತಾದ ಹಾಗೆ ಗಂಡನ ಧ್ವನಿ ಕಾಯಿಲೆ ಬಿದ್ದವರಂತೆ ಎಳೆಯುತ್ತಿತ್ತು, ಅದನ್ನು ಕೇಳಲು ಅವಳಿಂದ ಆಗುತ್ತಿರಲಿಲ್ಲ.

ಟೇಪ್ ರೆಕಾರ್ಡರ್ ಬಂದ ತಿಂಗಳಲ್ಲೇ ಕರೆಂಟ್ ಆಫೀಸಿನವರು ಬಂದು ಹಳೆ ಮೀಟರ್ ಕಳಚಿ ಹೊಸದು ಕೂರಿಸಿದರು. ಹಳೆಯದರ ಚಕ್ರ ತಿರುಗದೆ ನಿಂತು ಎಷ್ಟೋ ಕಾಲವಾಗಿತ್ತು, ಇಷ್ಟು ದಿನ ಒಂದು ಅಂದಾಜಿನ ಮೇಲೆ ಬಿಲ್ಲು ಬರುತ್ತಿತ್ತು. ಹೊಸ ಮೀಟರಿನ ಮೊದಲ ಬಿಲ್ಲು ಹಿಂದಿನದರ ಮೂರು ಪಟ್ಟು ಇತ್ತು.

ಸಲಾಮನ ತಾಯಿ ಅಮೀರುನ್ನೀಸಾ ಬಿಲ್ಲನ್ನೂ ನೋಡಿದರು, ಟೇಪ್ ರೆಕಾರ್ಡರನ್ನೂ ನೋಡಿದರು. ಹೊಸದಾಗಿ ಮನೆಗೆ ಬಂದದ್ದು ಎರಡೇ. ಮೀಟರ್ ಸರ್ಕಾರದ್ದು, ಅದಕ್ಕೆ ಹೇಳುವವರಿಲ್ಲ. ಆದ್ದರಿಂದ ಟೇಪ್ ರೆಕಾರ್ಡರಿಗೆ ಹಳೆ ಲುಂಗಿ ಸುತ್ತಿ ಬೀರುವಿನ ಮೇಲೆ ಏರಿಸಿಬಿಟ್ಟರು. ಮಗನ ಧ್ವನಿ ಅವರಿಗೂ ಬೇಕಾಗಿತ್ತು. ಆದರೆ ಮಗ ಬಿಸಿಲಲ್ಲಿ ದುಡಿದದ್ದನ್ನು ಅವನ ಧ್ವನಿ ಕೇಳಿಯೇ ಕರಗಿಸುವುದು ಯಾವ ನ್ಯಾಯ ಎಂದು ಅವರ ವಾದ. ಗುಲ್ಜಾರ್ ಎದುರಾಡಲಿಲ್ಲ. ಕ್ಯಾಸೆಟ್ಟನ್ನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಂಡಳು. ಒಮ್ಮೆ ಅದನ್ನು ಕಿವಿಗೆ ಹಿಡಿದು ನೋಡಿ, ತನಗೇ ನಾಚಿಕೆಯಾಗಿ ಒಳಗಿಟ್ಟಳು.

ಮುಂದಿನ ಬಿಲ್ಲೂ ಅಷ್ಟೇ ಬಂತು. ಇನ್ನು ಬಾಕಿ ಉಳಿಸಿದರೆ ಲೈನ್ ಕತ್ತರಿಸುತ್ತೇವೆ ಎಂದು ಆಫೀಸಿನವರು ಹೇಳಿ ಹೋದರು.

ಪಕ್ಕದ ಮನೆಯ ವೀರಬಸಮ್ಮನವರಿಗೆ ಈ ಮನೆಯ ಸಂಜೆಗಳು ಗೊತ್ತು. ನಡುವೆ ಇರುವುದು ಒಂದೇ ಗೋಡೆ. ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಹೊಸ್ತಿಲಲ್ಲೇ ನಿಂತು ಗುಲ್ಜಾರಳನ್ನು ಕೇಳಿದರು:

"ಎಂತ ಮಾರಾಯ್ತಿ, ನಿಮ್ಮೋರ ಮಾತು ಕೇಳದೆ ಸುಮಾರು ದಿನ ಆಯ್ತಲ್ಲ? ಕ್ಯಾಸೆಟ್ ಹಾಳಾಯ್ತಾ?"

ಗುಲ್ಜಾರಳ ಕಣ್ಣು ತುಂಬಿತು. ಬಿಲ್ಲಿನ ಕಥೆಯೆಲ್ಲ ಹೇಳಿದಳು. ವೀರಬಸಮ್ಮ ಮಹಿಳಾ ಸಮಾಜಕ್ಕೆ ಹೋಗುವವರು. ಅಲ್ಲಿ ಒಬ್ಬ ಎಂಜಿನಿಯರು ಬಂದು ಮೀಟರ್ ನೋಡುವುದು ಹೇಗೆಂದು ತಿಳಿಸಿಕೊಟ್ಟಿದ್ದರು. ಟೇಪ್ ರೆಕಾರ್ಡರ್ ಒಂದು ಸಣ್ಣ ಬಲ್ಬಿನಷ್ಟೂ ಕರೆಂಟ್ ತಿನ್ನುವುದಿಲ್ಲ, ಪಾಪ ಅದನ್ನು ಯಾಕೆ ಜೈಲಿಗೆ ಹಾಕಿದಿರಿ ಎಂದು ಅವರು ನಕ್ಕರು. ಅಮೀರುನ್ನೀಸಾಗೆ ನಗು ಬರಲಿಲ್ಲ. ಹೊಸ ಮೀಟರ್ ಕುದುರೆ ಓಡಿದ ಹಾಗೆ ಓಡುತ್ತದೆ, ಅದರ ಮೇಲೆ ಅರ್ಜಿ ಕೊಡಬೇಕು ಎಂದರು. ಕೊಡೋಣ, ಅದಕ್ಕೆ ಮೊದಲು ಒಂದು ಸಲ ನಾವೇ ನೋಡೋಣ ಎಂದು ವೀರಬಸಮ್ಮ ಒಳಗೆ ಬಂದರು.

ಮೊದಲು ಮೇನ್ ಸ್ವಿಚ್ ಆರಿಸಿದರು. ಮೀಟರಿನ ಗಾಜಿನೊಳಗೆ ತಿರುಗುತ್ತಿದ್ದ ಚಕ್ರ ನಿಂತಿತು. ಮನೆಗೆ ಕರೆಂಟ್ ಹೋಗದಿದ್ದರೂ ಚಕ್ರ ತಿರುಗುತ್ತಿದ್ದರೆ ಮೀಟರಿನ ಮೇಲೆ ಅನುಮಾನ ಪಡಬಹುದಿತ್ತು. ಆಮೇಲೆ ಮೇನ್ ಸ್ವಿಚ್ ಹಾಕಿ, ಮನೆಯ ದೀಪಗಳನ್ನೆಲ್ಲ ಒಂದೊಂದಾಗಿ ಆರಿಸಿದರು. ಏನೂ ಉರಿಯುತ್ತಿರಲಿಲ್ಲ. ಆದರೂ ಚಕ್ರ ಮೆಲ್ಲಗೆ ತಿರುಗುತ್ತಲೇ ಇತ್ತು. ಮೂವರೂ ಅದನ್ನೇ ನೋಡುತ್ತಾ ನಿಂತರು.

ದೀಪ ಉರಿಯದಿದ್ದರೂ ಕರೆಂಟ್ ಖರ್ಚಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದು ವೀರಬಸಮ್ಮ ಹೇಳಿದರು. ಗೋಡೆಯೋ ನಲ್ಲಿಯೋ ಮುಟ್ಟಿದರೆ ಎಲ್ಲಾದರೂ ಜುಂ ಎನ್ನುತ್ತದೆಯೇ ಎಂದು ಕೇಳಿದರು. ಗುಲ್ಜಾರ್ ಇಲ್ಲವೆಂದಳು. ಅಮೀರುನ್ನೀಸಾ ಮಾತ್ರ ಬೇರೇನೋ ನೆನಪಾದವರಂತೆ ತಮ್ಮ ಅಂಗೈ ತಿಕ್ಕಿಕೊಂಡರು.

"ಜುಂ ಅನ್ನೋದು ನನ್ನ ಕೈ. ವಾಯು ಅದು. ವಯಸ್ಸಾಯ್ತಲ್ಲ. ಬಚ್ಚಲುಮನೆಗೆ ಹೋಗುವಾಗ ಗೋಡೆ ಹಿಡ್ಕೊಂಡ್ರೆ ಬಲಗೈ ಜುಂ ಅಂತದೆ, ಬರುವಾಗ ಎಡಗೈ."

"ವಾಯು ಹಾಗೆ ಕೈ ಬದಲಾಯಿಸ್ತದಾ ಅಮೀರಮ್ಮ?" ಎಂದರು ವೀರಬಸಮ್ಮ. "ಹೋಗುವಾಗ ಗೋಡೆ ಬಲಕ್ಕೆ, ಬರುವಾಗ ಎಡಕ್ಕೆ. ಜುಂ ಅನ್ನೋದು ನಿಮ್ಮ ಕೈಯಲ್ಲ. ಗೋಡೆ."

ಗುಲ್ಜಾರ್ ಅತ್ತೆಯ ಕೈ ನೋಡಿದಳು. ಮಳೆ ಶುರುವಾದ ಮೇಲೆ ಎಷ್ಟು ಸಲ ತಾನೇ ಆ ಕೈಗೆ ಬಿಸಿ ಎಣ್ಣೆ ತಿಕ್ಕಿ, ಮತ್ತೆ ಅದೇ ಗೋಡೆಯ ಕಡೆಗೆ ಕಳಿಸಿಲ್ಲ! ಅವಳ ಚಪ್ಪಲಿಯ ರಬ್ಬರು ಅವಳನ್ನು ಕಾದಿತ್ತು. ಅತ್ತೆ ಬರಿಗಾಲಲ್ಲಿ ಓಡಾಡುವವರು.

ಹಿತ್ತಲ ಗೋಡೆಯ ಉದ್ದಕ್ಕೂ ಒಂದು ವೈರು ಬಚ್ಚಲುಮನೆಗೆ ಹೋಗಿತ್ತು. ಅದನ್ನು ಎಳೆದವನು ಸಲಾಂ. ಊರು ಬಿಡುವ ಹಿಂದಿನ ದಿನ, ಅಮ್ಮ ಕತ್ತಲಲ್ಲಿ ಎಡವಬಾರದೆಂದು, ಅಡುಗೆಮನೆಯ ಲೈನಿನಿಂದ ತಾನೇ ವೈರು ಹೊಸೆದು ಮೊಳೆ ಹೊಡೆದಿದ್ದ. ಜೋಡಣೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ. ಪಂಕ್ಚರಿಗೆ ಸಾಕಾಗುವುದು ಕರೆಂಟಿಗೆ ಸಾಲುವುದಿಲ್ಲವೆಂದು ಅವನಿಗೆ ತಿಳಿದಿರಲಿಲ್ಲ. ಈಗ ಆ ಪಟ್ಟಿ ಬಿರುಕುಬಿಟ್ಟು, ಒದ್ದೆ ಗೋಡೆಗೆ ಕರೆಂಟ್ ಇಳಿಯುತ್ತಿತ್ತು. ಸ್ವಿಚ್ಚು ಇದ್ದದ್ದು ವೈರಿನ ಆ ತುದಿಯಲ್ಲಿ, ಬಚ್ಚಲುಮನೆಯೊಳಗೆ. ಆದ್ದರಿಂದ ದೀಪ ಆರಿಸಿದರೂ ಗೋಡೆಯ ಮೇಲೆ ಕರೆಂಟ್ ಇದ್ದೇ ಇತ್ತು. ಹಳೆ ಮೀಟರ್ ನಿಂತುಹೋಗಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೊಸದು ಇದ್ದದ್ದನ್ನು ಇದ್ದ ಹಾಗೆ ತೋರಿಸಿತ್ತು.

ವೀರಬಸಮ್ಮ ಮೇನ್ ಸ್ವಿಚ್ ಆರಿಸಿ, ವೈರು ಬಿಚ್ಚಿಸಬೇಕು ಎಂದರು. ಅಮೀರುನ್ನೀಸಾ ಒಪ್ಪಲಿಲ್ಲ. ನನ್ನ ಮಗನ ಕೈಯ ಕೆಲಸ ಈ ಮನೆಯಲ್ಲಿ ಇರುವುದು ಇದೊಂದೇ, ಅವನು ಬಂದ ಮೇಲೆ ಅವನೇ ನೋಡಿಕೊಳ್ಳಲಿ ಎಂದು ಹಟ ಹಿಡಿದರು. ಸಂಜೆ ದೀಪ ಹಾಕುವಾಗ ಆ ವೈರನ್ನು ಒಮ್ಮೆ ನೋಡಿ ಒಳಗೆ ಬರುವುದು ಅವರಿಗೆ ರೂಢಿಯಾಗಿತ್ತು. ಅದು ಗುಲ್ಜಾರಳಿಗೂ ಗೊತ್ತಿತ್ತು.

ವೀರಬಸಮ್ಮ ಅವರ ಪಕ್ಕ ಕುಳಿತು ಆ ಕೈಯನ್ನು ಹಿಡಿದುಕೊಂಡರು. "ನಿಮಗೆ ಬೆಳಕಾಗ್ಲಿ ಅಂತ ಎಳೆದ ವೈರು ಇದು, ಅಮೀರಮ್ಮ. ಇದರಿಂದ್ಲೇ ನಿಮಗೆ ಏನಾದ್ರೂ ಆದ್ರೆ, ಆ ಸುದ್ದಿನ ಈ ಹುಡುಗಿ ಯಾವ ಕ್ಯಾಸೆಟ್ಟಲ್ಲಿ ಹೇಳ್ತಾಳೆ?"

ಅಮೀರುನ್ನೀಸಾ ಹಿತ್ತಲ ಕಡೆ ಒಮ್ಮೆ ನೋಡಿದರು. ಆಮೇಲೆ, "ಬಿಚ್ಚಿಸಿ. ಆದ್ರೆ ವೈರು ಎಸೀಬೇಡಿ," ಎಂದರು.

ಲೈಸೆನ್ಸ್ ಇದ್ದ ಎಲೆಕ್ಟ್ರಿಶಿಯನ್ ಮಹೇಶ್ವರ ಮರುದಿನ ಬಂದು ಹಳೆ ವೈರು ತೆಗೆದ. ಹೊಸದನ್ನು ಪೈಪಿನೊಳಗೆ ಎತ್ತರದಲ್ಲಿ ಎಳೆದು, ಸ್ವಿಚ್ಚನ್ನು ಅಡುಗೆಮನೆಯ ಒಣ ಗೋಡೆಗೆ ಹಾಕಿ, ಅರ್ಥಿಂಗ್ ಸರಿಯಿದೆಯೇ ನೋಡಿದ. ದೀಪಗಳನ್ನೆಲ್ಲ ಆರಿಸಿದಾಗ ಚಕ್ರ ನಿಂತಿತು. ಮುಂದಿನ ಬಿಲ್ಲು ಇಳಿಯಿತು. ಹಳೆಯ ಕಾಲದಷ್ಟು ಕಡಿಮೆ ಬರಲಿಲ್ಲ, ಆ ಮೀಟರ್ ನಿದ್ದೆ ಮಾಡುತ್ತಿತ್ತು ತಾನೇ. ಉರಿಸಿದ ದೀಪಕ್ಕೆ ಸರಿಯಾದ ಬಿಲ್ಲು ಬಂತು, ಮನೆಯವರು ತಕರಾರಿಲ್ಲದೆ ಕಟ್ಟಿದರು.

ಬೀರುವಿನ ಮೇಲಿನಿಂದ ಟೇಪ್ ರೆಕಾರ್ಡರ್ ಇಳಿಯಿತು. ಗುಲ್ಜಾರ್ ಮೊದಲು ಗಂಡನ ಕ್ಯಾಸೆಟ್ ಹಾಕಿದಳು. ಅವನು ಮಾತು ಸಿಗದೆ ಸುಮ್ಮನಾದ ಜಾಗದಲ್ಲಿ ಅವಳೂ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ಆಮೇಲೆ ಖಾಲಿ ಕ್ಯಾಸೆಟ್ ಹಾಕಿ ಅತ್ತೆಯ ಮುಂದೆ ಹಿಡಿದಳು. ಅಮೀರುನ್ನೀಸಾ ತಮ್ಮ ಮನೆಮಾತಿನಲ್ಲಿ ಮಗನಿಗೆ ಹೇಳಿದ್ದು ಇಷ್ಟು:

"ನೀನು ಎಳೆದ ವೈರು ಬಿಚ್ಚಿಸಿದೆ ಮಗಾ. ಬೇಜಾರು ಮಾಡ್ಕೋಬೇಡ. ಸುತ್ತಿ ನನ್ನ ಪೆಟ್ಟಿಗೆಯಲ್ಲಿ ಇಟ್ಟಿದೀನಿ. ಈಗ ಕೈ ಜುಂ ಅನ್ನೋದಿಲ್ಲ. ಪೇರಳೆ ಕಾಯಿ ಬಿಟ್ಟಿದೆ. ನೀನು ಬಾ."

ತಾಯಂದಿರೇ, ಅಕ್ಕ ತಂಗಿಯರೇ, ಅಣ್ಣಂದಿರೇ, ಬಿಲ್ಲು ಏರಿದರೆ ಜಗಳಕ್ಕೆ ಮೊದಲು ಮೀಟರಿನ ಮುಂದೆ ನಿಲ್ಲಿ. ಮೇನ್ ಸ್ವಿಚ್ ಆರಿಸಿದ ಮೇಲೂ ಚಕ್ರ ತಿರುಗಿದರೆ ಕರೆಂಟ್ ಆಫೀಸಿಗೆ ಅರ್ಜಿ ಕೊಡಿ, ಮೀಟರ್ ಪರೀಕ್ಷೆ ಮಾಡಿಸುವುದು ನಿಮ್ಮ ಹಕ್ಕು. ಮೇನ್ ಹಾಕಿ, ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದ ಮೇಲೂ ತಿರುಗಿದರೆ ಸೋರಿಕೆ ನಿಮ್ಮ ವೈರಿನಲ್ಲಿರಬಹುದು. ಗೋಡೆಯೋ ನಲ್ಲಿಯೋ ಬಟ್ಟೆ ಒಣಹಾಕುವ ತಂತಿಯೋ ಜುಂ ಎಂದರೆ ಅದನ್ನು ವಾಯು ಎನ್ನಬೇಡಿ. ಮೇನ್ ಆರಿಸಿ, ಬಲ್ಲವರನ್ನು ಕರೆಸಿ, ನೀವೇ ಕೈ ಹಾಕಬೇಡಿ. ದೂರದ ಊರಿನಿಂದ ಬರಬೇಕಾದವರು ನಿಮ್ಮ ಮನೆಗೂ ಇರಬಹುದು. ಅವರು ಬಂದು ಕದ ತಟ್ಟಿದಾಗ ತೆಗೆಯುವುದಕ್ಕೆ ನೀವು ಇರಬೇಕು.