ಏಳನೆಯ ಸುತ್ತಿನ ಜಗದೀಶ

ಆ ಭಾನುವಾರ ಬೆಳಿಗ್ಗೆ ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ಮಳೆ ಇರಲಿಲ್ಲ. ನದಿಯ ಕಡೆಯಿಂದ ಎದ್ದ ಮಂಜು ಹಿತ್ತಲ ಬೇಲಿಯವರೆಗೂ ಬಂದು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುವ ನೆಂಟನ ಹಾಗೆ ನಿಂತಿತ್ತು. ಜಗದೀಶ ಸ್ನಾನ ಮುಗಿಸಿ ದೇವರ ದೀಪ ಹಚ್ಚುತ್ತಿದ್ದ. ಕಡ್ಡಿ ಉರಿಯುತ್ತ ಬೆರಳಿಗೆ ಬಂತು. ಅವನು ಕೈ ಹಿಂತೆಗೆಯಲಿಲ್ಲ.

“ರೀ, ಬೆರಳು ಸುಡ್ತಿದೆ.” ಹೆಂಡತಿ ವಿಜಯಾ ಕಡ್ಡಿಯನ್ನು ಕಿತ್ತು ಎಸೆದಳು. “ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು ಕಣೇ.”

“ದೇವರ ಮುಂದಾದ್ರೂ ನಿಜ ಹೇಳಿ. ಎಷ್ಟು ದಿನದಿಂದ ಹೀಗೆ?”

ಯುಗಾದಿಯಿಂದ, ಎಂದ. ಬಲಗೈಯ ಎರಡು ಬೆರಳು ಒಮ್ಮೊಮ್ಮೆ ಬೇರೆ ಯಾರದೋ ಆಗಿಬಿಡುತ್ತಿದ್ದವು.

ವಿಜಯಾ ಡರ್ಬಿಯಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. “ಇವತ್ತು ಆಡ್ಬೇಡಿ. ಆ ಚೆಂಡು ಕಲ್ಲಿದ್ದಂಗಿರತ್ತೆ. ಯಾರ ಮುಖಕ್ಕಾದ್ರೂ ಬಿದ್ರೆ?”

“ಒಂದೇ ಸುತ್ತು.”

“ನನ್ನ ಪೇಷಂಟ್ ಆಗಿದ್ರೆ ಮಾತು ಕೇಳ್ತಿದ್ರಿ. ಗಂಡ ಆಗ್ಬಿಟ್ರಿ.”

ಒಂದೇ ಸುತ್ತು ಎಂದದ್ದು ಸುಳ್ಳಲ್ಲ. ಅವನ ಬೇಸ್‌ಬಾಲ್ ಬದುಕೆಲ್ಲ ಆ ಒಂದು ಸುತ್ತಿನದೇ. ಓದಲು ಬಂದವನು ಕ್ರಿಕೆಟ್ ತಂಡದಲ್ಲಿ ಜಾಗ ಸಿಗದೆ ಈ ಆಟಕ್ಕೆ ಸೇರಿದ್ದ. ಅವರ ಲೀಗಿನಲ್ಲಿ ಏಳು ಸುತ್ತು. ಬೇರೊಬ್ಬರು ಆರು ಸುತ್ತು ಎಸೆದು ದಣಿದ ಮೇಲೆ, ಸಿಕ್ಕ ಮುನ್ನಡೆಯನ್ನು ಕಾಯಲು ಇಳಿಯುವ ರಿಲೀಫ್ ಪಿಚರ್ ಅವನು. ಹದಿನಾಲ್ಕು ವರ್ಷವಾಯಿತು. ಲೀಡ್ಸಿಗೆ ಹೋಗಲಿ, ಮ್ಯಾಂಚೆಸ್ಟರಿಗೆ ಹೋಗಲಿ, ಎದುರಾಳಿಗಳೇ ಬಂದು ಕೈಕುಲುಕುತ್ತಿದ್ದರು. ಅವನು ಇಳಿದ ಕೂಡಲೇ ಆಟ ಮುಗಿಯಿತೆಂದು ಜನ ಕಾರಿನ ಕೀ ಹುಡುಕುತ್ತಾರೆ ಎಂಬ ಮಾತಿತ್ತು. ಒಮ್ಮೆ ಹಿಡಿದ ಚೆಂಡನ್ನು ನಡುವೆ ಬಿಟ್ಟುಕೊಟ್ಟವನಲ್ಲ. ಆ ಹೆಮ್ಮೆ ಮೆಲ್ಲಗೆ ದೇವರ ಪಕ್ಕದಲ್ಲೇ ಜಾಗ ಮಾಡಿಕೊಂಡಿತ್ತು.

ಅಂದಿನ ಪಂದ್ಯದಲ್ಲಿ ಆರು ಸುತ್ತು ಎಸೆದವಳು ಪ್ರತೀಕ್ಷಾ, ನಾಟಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹಾಸನದವಳು. ತಂಡ ಒಂದು ರನ್ ಮುಂದಿತ್ತು, ಅವಳಿನ್ನೂ ದಣಿದಿರಲಿಲ್ಲ. ಆದರೂ ಕೋಚ್ ಕೀತ್ ವಾಡಿಕೆಯಂತೆ ಜಗದೀಶನಿಗೆ ಸನ್ನೆ ಮಾಡಿದ.

“ಬಂದ್ರಾ ಜಗದೀಶಣ್ಣ, ಅಡುಗೆಯೆಲ್ಲ ಆದ್ಮೇಲೆ ಒಗ್ಗರಣೆ ಹಾಕೋಕೆ?” ನಗುತ್ತಲೇ ಅಂದಳು. ಚೆಂಡು ಬಿಟ್ಟುಕೊಡಲು ಮಾತ್ರ ತುಸು ತಡಮಾಡಿದಳು.

“ಒಗ್ಗರಣೆ ಇಲ್ದಿರೋ ಸಾರು ಯಾರಿಗೆ ಬೇಕಮ್ಮ?”

ಅವಳು ಮೈದಾನದ ಬಲ ಅಂಚಿಗೆ ಫೀಲ್ಡಿಂಗಿಗೆ ಹೋದಳು.

ಮೊದಲ ಬ್ಯಾಟರ್ ಹೇಗೋ ಔಟಾದ. ಎರಡನೆಯವರು ಗಡ್ಡದ ಒಬ್ಬ ಶಾಲಾ ಮೇಷ್ಟ್ರು. ಜಗದೀಶ ಎಸೆದ ಚೆಂಡು ಎಲ್ಲಿ ಕೈಬಿಟ್ಟಿತೋ ಅವನಿಗೇ ತಿಳಿಯಲಿಲ್ಲ; ಮೇಷ್ಟ್ರ ಗಲ್ಲ ಸವರುವಂತೆ ಹಾದುಹೋಯಿತು. ಅವರು ಅಂಗಾತ ಬಿದ್ದರು. ಎದ್ದು ಮಣ್ಣು ಕೊಡವಿಕೊಂಡರು.

“ಕ್ಷೌರಕ್ಕೆ ಎಷ್ಟು ಕೊಡಬೇಕಪ್ಪ?” ಎಂದು ನಕ್ಕು ಮತ್ತೆ ಬ್ಯಾಟ್ ಎತ್ತಿದರು. ಜಗದೀಶನ ಕೈ ತಪ್ಪುವುದಿಲ್ಲ ಎಂಬ ಭರವಸೆಯಿಂದ ಮೊದಲಿಗಿಂತಲೂ ಮುಂದೆ ಬಂದು ನಿಂತರು.

ಜಗದೀಶ ತನ್ನ ಅಂಗೈ ನೋಡಿದ. ಕಣ್ಣಿಗೆ ಕಂಡಿದ್ದಕ್ಕೆ ಚೆಂಡು ಇದೆ ಎಂದು ತಿಳಿಯಿತು, ಅಷ್ಟೆ. ‘ಇದೊಂದು ಎಸೆತ ಕಾಪಾಡು ತಂದೆ’ ಎನ್ನಹೊರಟವನಿಗೆ, ಕಾಪಾಡಬೇಕಾದದ್ದು ಯಾರನ್ನು ಎಂದು ನಾಲಿಗೆ ತಡೆಯಿತು. ಕೈಯೆತ್ತಿ ಕೋಚನ್ನು ಕರೆದ.

“ಭುಜವಾ?” ಎಂದ ಕೀತ್.

“ಬೆರಳು. ಮಾರ್ಚ್‌ನಿಂದ ಒಮ್ಮೊಮ್ಮೆ ಸ್ಪರ್ಶವೇ ಇರಲ್ಲ. ಮುಚ್ಚಿಟ್ಟಿದ್ದೆ.”

ಕೀತ್ ಅವನ ಬೆರಳುಗಳನ್ನು ಹಿಡಿದು ನೋಡಿದ. “ಈಗ ಯಾರು ಎಸೀತಾರೆ?”

“ಮೈದಾನ ಬಿಡದವರು ಮತ್ತೆ ಎಸೀಬಹುದಲ್ಲ. ಪ್ರತೀಕ್ಷಾ ಇಲ್ಲೇ ಇದ್ದಾಳೆ.”

ಅವಳು ಓಡಿ ಬಂದಳು. “ಏನಾಯ್ತಣ್ಣ?”

ಜಗದೀಶ ಚೆಂಡಿಗೆ ಹತ್ತಿದ್ದ ಮಣ್ಣನ್ನು ಅಂಗಿಗೆ ಒರೆಸಿ, ಅವಳ ಗ್ಲೌಸಿನೊಳಗಿಟ್ಟ. “ನಿಂದೇ ಸುತ್ತಮ್ಮ ಇದು,” ಎಂದು ಹೇಳಿ, ಅವಳು ನಿಲ್ಲಬೇಕಾದ ಜಾಗ ಬಿಟ್ಟು ಸರಿದ.