ಉದ್ದ ಸೀಟಿ

"ಸೀಟಿ ಇಲ್ಲಂದ್ರ ಗುಡ್ಡ ಹತ್ತಾಂಗಿಲ್ರಿ. ರೂಲಂದ್ರ ರೂಲು," ಎನ್ನುತ್ತ ಹೊನ್ನೂರುಸ್ವಾಮಿ ಮೇಷ್ಟ್ರು ನಾಲ್ಕನೆಯ ಸಲ ಜೇಬು ತಡಕಿದರು. ಹೊಸಪೇಟೆಯ ನಡಿಗೆ ಕ್ಲಬ್ಬಿಗೆ ಆ ರೂಲು ಮಾಡಿದವರೂ ಅವರೇ, ಸೀಟಿ ಮನೆಯಲ್ಲಿ ಮರೆತು ಬಂದವರೂ ಅವರೇ. ಎದುರಿಗೆ ಡ್ಯಾಮಿನ ಹಿನ್ನೀರಿನೊಳಗೆ, ನೀರು ಕುಡಿಯಲು ಬಗ್ಗಿದ ಎಮ್ಮೆಯ ಮೂತಿಯಂತೆ ಚಾಚಿಕೊಂಡಿದ್ದ ಗುಡ್ಡ ಡಿಸೆಂಬರಿನ ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಇಂಥದರಲ್ಲಿ ಹದಿನಾರು ಜನ ಚದುರದಂತೆ ನೋಡಿಕೊಳ್ಳಲು ಸೀಟಿಯೇ ಗತಿ.

ಚೆನ್ನಬಸಮ್ಮನ ಕೈ ತನ್ನ ಚೀಲದ ಮೇಲೆ ಹೋಯಿತು, ಹಾಗೆಯೇ ಹಿಂದಕ್ಕೂ ಬಂತು. ಚೀಲದಲ್ಲಿ, ಎಲೆಯಡಿಕೆ ಸಂಚಿಯೊಳಗೆ, ಗಂಡ ಹುಲುಗಪ್ಪನ ಹಿತ್ತಾಳೆ ಸೀಟಿ ಇತ್ತು. ಸಂಡೂರಿನ ಗಣಿಯಲ್ಲಿ ಅವನದು ಬ್ಲಾಸ್ಟಿಂಗ್ ಹೊತ್ತಿಗೆ ಸೀಟಿ ಊದುವ ಕೆಲಸ, ಅವಳದು ಸುತ್ತಿಗೆ ಹಿಡಿದು ಅದಿರು ಒಡೆಯುವ ಕೆಲಸ. ಅವನು ತೀರಿಕೊಂಡು ಎಂಟು ವರ್ಷ. ಅಂದಿನಿಂದ ಸೀಟಿಗೆ ಯಾರ ಬಾಯೂ ತಾಕಿರಲಿಲ್ಲ. ಮೊಮ್ಮಗಳು ಅತ್ತು ಕೇಳಿದರೂ ಕೊಟ್ಟಿರಲಿಲ್ಲ. ಬೇರೆಯವರು ಊದಿ, ಅದು ಅಂಗಡಿಯ ಯಾವುದೋ ಸೀಟಿಯ ಹಾಗೆ ಕೇಳಿಸಿಬಿಟ್ಟರೆ? ಅವನ ಮುಖವಾದರೂ ಫೋಟೋದಲ್ಲಿದೆ. ಅವನ ಸದ್ದು ಉಳಿದಿದ್ದರೆ ಇದೊಂದರಲ್ಲೇ.

"ನಡೀರಿ, ಬಸ್ಸಿಗೆ ವಾಪಸ್ ಹೋಗಾಣ," ಎಂದರು ಮೇಷ್ಟ್ರು, ಮುಖ ಸಣ್ಣದು ಮಾಡಿಕೊಂಡು.

ಆ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಸಂಚಿ ಬಿಚ್ಚಿ, ಪಕ್ಕದಲ್ಲಿ ನಿಂತಿದ್ದ ಬ್ಯಾಂಕಿನ ಹುಡುಗಿ ಪಲ್ಲವಿಯ ಕೈಗೆ ಸೀಟಿ ಇಟ್ಟಳು. "ತಗಾ ಯವ್ವಾ. ನಮ್ಮ ಮನಿಯವರದು. ಸುಮ್ಸುಮ್ನ ಊದಬ್ಯಾಡ."

"ಇಲ್ರಿ ಅಮ್ಮಾರ. ನಾಷ್ಟಾಕ್ಕ ಕರಿಯಾಕ ಒಂದ ಸಲ."

ನಡಿಗೆ ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಚೆ ದಡವೇ ಕಾಣದ ನೀರು. ಇಂಥದೇ ಚಳಿಯ ಬೆಳಿಗ್ಗೆ ಗಣಿಯ ಲಾರಿಯಲ್ಲಿ ಹುಲುಗಪ್ಪ ಸೀಟಿಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದ. ಅವಳು ತನ್ನ ಕೈಯನ್ನೂ ಚಾಚಿದರೆ, "ಮೊದ್ಲು ಸೀಟಿ, ಆಮ್ಯಾಲ ನೀನು," ಎಂದು ರೇಗಿಸುತ್ತಿದ್ದ. ಲಾರಿ ತುಂಬ ನಗು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಆಗ ಒಬ್ಬರಿಗೂ ಗೊತ್ತಿರಲಿಲ್ಲ.

ಗುಡ್ಡದ ತುದಿ ಮುಟ್ಟಿದ ಪಲ್ಲವಿ ಮೂರು ಗಿಡ್ಡ ಸೀಟಿ ಊದಿದಳು. ಕ್ಲಬ್ಬಿನಲ್ಲಿ ಹಾಗೆಂದರೆ ಎಲ್ಲರೂ ಬನ್ನಿ, ನಾಷ್ಟಾ. ಮೇಷ್ಟ್ರ ಪ್ಲಾಸ್ಟಿಕ್ ಸೀಟಿಯಲ್ಲಿ ಅದನ್ನು ಎಷ್ಟೋ ಸಲ ಕೇಳಿದಾಗ ಚೆನ್ನಬಸಮ್ಮನಿಗೆ ಮಂಡಕ್ಕಿ ಒಗ್ಗರಣೆಯಷ್ಟೇ ನೆನಪಾಗುತ್ತಿತ್ತು. ಇದು ಬೇರೆ. ಅವಳಿಗೆ ಅರಿವಾಗುವ ಮೊದಲೇ ಮೈ ಹತ್ತಿರದ ಬಂಡೆಯ ಮರೆಗೆ ಹೋಗಿ ಕೂತಿತ್ತು, ಎರಡೂ ಕೈ ತಲೆಯ ಮೇಲಿದ್ದವು. ಗಣಿಯಲ್ಲಿ ಮೂರು ಗಿಡ್ಡ ಸೀಟಿ ಎಂದರೆ ಮದ್ದಿಗೆ ಬೆಂಕಿ ಬಿತ್ತು, ಅಡಗಿಕೊಳ್ಳಿ ಎಂದು. ಉದ್ದದೊಂದು ಸೀಟಿ ಬರುವವರೆಗೆ ತಲೆ ಎತ್ತುವಂತಿಲ್ಲ.

ನಾಚಿಕೆಯಾಯಿತು. ಅಷ್ಟರಲ್ಲಿ ಪಕ್ಕದಲ್ಲೇ ಯಾರೋ ಕೆಮ್ಮಿದರು. ಇವತ್ತೇ ಮೊದಲ ಸಲ ಕ್ಲಬ್ಬಿನ ಜೊತೆ ಬಂದಿದ್ದ ಉಚ್ಚೆಂಗೆಪ್ಪ ಎಂಬ ಮುದುಕರು ಅದೇ ಬಂಡೆಯ ಮರೆಯಲ್ಲಿ ಮೊಣಕಾಲ ನಡುವೆ ತಲೆ ಹುದುಗಿಸಿ ಕೂತಿದ್ದರು.

"ನೀವ್ಯಾಕ್ರಿ ಕುಂತ್ರಿ?" ಎಂದಳು.

"ಹುಲುಗಪ್ಪನ ಸೀಟಿ ಅಲ್ಲೇನ್ರಿ ಅದು?" ಅವರು ತಲೆ ಎತ್ತಲಿಲ್ಲ. "ಹನ್ನೆರಡು ವರ್ಷ ಆ ಗಣ್ಯಾಗ ಡ್ರಿಲ್ಲಿಂಗ್ ಮಾಡೀನಿ. ಕಡೀಗೆ ಸಣ್ಣಗ ನಡುಗತೈತಿ ಅದು. ಮರಿಯಾಕ ಬರತೈತೇನ್ರಿ?"

ಚೆನ್ನಬಸಮ್ಮನ ಕಣ್ಣು ತುಂಬಿತು. ಸದ್ದು ಎಲ್ಲೂ ಹೋಗಿರಲಿಲ್ಲ.

ಪಲ್ಲವಿ ಓಡಿ ಬಂದಳು. "ಅಮ್ಮಾರ, ಬಿದ್ರೇನ್ರಿ? ಏಳ್ರಿ, ಒಗ್ಗರಣಿ ಆರಾಕತ್ತೈತಿ."

"ಹೆಂಗ ಏಳಾದು ತಂಗಿ?" ಎಂದರು ಉಚ್ಚೆಂಗೆಪ್ಪ. "ಉದ್ದ ಸೀಟಿ ಬಂದಿಲ್ಲಲ್ಲ."

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಚೆನ್ನಬಸಮ್ಮ ಕೂತಲ್ಲಿಂದಲೇ ಕೈ ಚಾಚಿದಳು. ಪಲ್ಲವಿಯ ಅಂಗೈಯಲ್ಲಿದ್ದ ಸೀಟಿ ಬೆಚ್ಚಗಿತ್ತು. ಅದನ್ನು ಜೀವನದಲ್ಲಿ ಮೊದಲ ಸಲ ತುಟಿಗಿಟ್ಟು, ಉಸಿರು ಇರುವಷ್ಟೂ ಹೊತ್ತು ಊದಿದಳು. ಸದ್ದು ನೀರಿನ ಮೇಲೆ ಹೋಗಿ ಮಂಜಿನೊಳಗೆ ಸೇರಿತು.

ಉಚ್ಚೆಂಗೆಪ್ಪ ತಲೆ ಎತ್ತಿ, ಕಲ್ಲೇನಾದರೂ ಇನ್ನೂ ಬೀಳುವುದಿದೆಯೇ ಎಂಬಂತೆ ಒಮ್ಮೆ ಆಕಾಶ ನೋಡಿ, ಪಂಚೆ ಕೊಡವಿಕೊಂಡು ಎದ್ದರು.